ಬೋರ್ ನೀರಿಗೆ ಕೂದಲು ಉದುರುತ್ತದಾ?

ಪ್ರಶ್ನೆ: ನಮ್ಮದು ಸಿಂಧನೂರು ಕಡೆಯ ಹಳ್ಳಿ. ಕಾಲುವೆ ಬಂದಾದರೆ ಬೋರಿನ ಸವಳು ನೀರೇ ಗತಿ. ತಲೆ ಎರಕೊಂಡಾಗಲೆಲ್ಲ ಬಚ್ಚಲಲ್ಲಿ ಕೂದಲಿನ ಉಂಡೆ. ಹೆರಿಗೆಯಾಗಿ ನಾಲ್ಕು ತಿಂಗಳಾಯಿತು. ನಲ್ಲಿಗೆ ಫಿಲ್ಟರ್ ಹಾಕಿಸಿದರೆ ನಿಲ್ಲುತ್ತದಾ?

ಉತ್ತರ: ಫಿಲ್ಟರಿಗೆ ದುಡ್ಡು ಕೊಡುವ ಮೊದಲು ಬಿದ್ದ ಕೂದಲನ್ನೇ ಎತ್ತಿ ನೋಡಿ. ಹತ್ತು ಎಳೆ ತೆಗೆದು ಬಣ್ಣದ ಕಾಗದದ ಮೇಲೆ ಹರಡಿ. ಎಳೆ ಉದ್ದವಾಗಿದ್ದು ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟಿದ್ದರೆ ಅದು ಬುಡದಿಂದ ಉದುರಿದ್ದು. ಗಂಟಿಲ್ಲದ ಗಿಡ್ಡ ತುಂಡುಗಳೇ ಹೆಚ್ಚಿದ್ದರೆ ಕೂದಲು ಮುರಿಯುತ್ತಿದೆ. ನೀರಿನ ತಪ್ಪು ಇರುವುದು ಈ ಎರಡನೆಯದರಲ್ಲಿ ಮಾತ್ರ.

ಸವಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಎಳೆಯ ಮೇಲೆ ಕೂತು ಅದನ್ನು ಒರಟು ಮಾಡುತ್ತವೆ. ಹಣಿಗೆಗೆ ಸಿಕ್ಕಿಕೊಂಡು ಎಳೆ ಕಡಿಯುತ್ತದೆ. ಚರ್ಮದೊಳಗಿನ ಬುಡಕ್ಕೆ ಅವು ಇಳಿಯುವುದಿಲ್ಲ. ಕುಡಿಯುವ ನೀರಿನ ಗಡಸುತನ, ಅಂದರೆ ಈ ಲವಣಗಳ ಪ್ರಮಾಣ, ಲೀಟರಿಗೆ 200 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ನಲ್ಲಿಯ ಬಾಯಿಗೆ ಸಿಗಿಸುವ ಅಗ್ಗದ ಫಿಲ್ಟರ್ ಕೆಸರು, ಕ್ಲೋರಿನ್ ತಡೆದೀತು, ಗಡಸುತನ ಇಳಿಸದು. ಇಳಿಸುವುದು ಉಪ್ಪು ಹಾಕಿ ನಡೆಸುವ ಸಾಫ್ಟನರ್. ಅದಕ್ಕಿಂತ ಸುಲಭದ ದಾರಿ: ಬೋರ್ ನೀರಲ್ಲೇ ತಲೆ ತೊಳೆದು, ಕೊನೆಗೆ ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರು ಎರಡು ಮೂರು ಲೀಟರ್ ಹಾಕಿಕೊಳ್ಳಿ. ತಲೆಗೆ ಮೈಸೋಪು ಬೇಡವೇ ಬೇಡ. ಗಡಸು ನೀರಲ್ಲಿ ಸೋಪು ನೊರೆ ಬಿಡದೆ ಜಿಗಟಾಗಿ ಕೂದಲಿಗೇ ಅಂಟುತ್ತದೆ. ಶಾಂಪೂಗೆ ಆ ತೊಂದರೆ ಕಡಿಮೆ.

ನಿಮ್ಮ ಪತ್ರದಲ್ಲಿ ನಮಗೆ ಮುಖ್ಯವಾಗಿ ಕಂಡದ್ದು ಮಾತ್ರ ಆ 'ನಾಲ್ಕು ತಿಂಗಳು'. ಬಸುರಿಯಲ್ಲಿ ಹಾರ್ಮೋನುಗಳು ಹೆಚ್ಚಿದ್ದು ಕೂದಲು ಉದುರದೆ ನಿಂತಿರುತ್ತದೆ, ಹೆರಳು ದಪ್ಪಗಾಗುತ್ತದೆ. ಹೆರಿಗೆಯಾದೊಡನೆ ಆ ಎಳೆಗಳೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳ ಮೇಲೆ ಒಟ್ಟಿಗೇ ಬೀಳುತ್ತವೆ. ಡೆಂಗಿ, ಟೈಫಾಯ್ಡ್, ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ಇವುಗಳ ಲೆಕ್ಕವೂ ಇದೇ. ಹಾಗಾಗಿ ನಿನ್ನೆ ಬದಲಿಸಿದ ಶಾಂಪೂ ಬಯ್ಯುವ ಬದಲು ಮೂರು ತಿಂಗಳ ಹಿಂದೆ ಏನಾಗಿತ್ತು ಎಂದು ನೆನೆಸಿಕೊಳ್ಳಿ. ಹೆರಿಗೆಯ ನಂತರದ ಉದುರು ಬಹುತೇಕರಿಗೆ ಆರರಿಂದ ಹನ್ನೆರಡು ತಿಂಗಳಲ್ಲಿ ತಾನೇ ನಿಲ್ಲುತ್ತದೆ. ಹೊಸ ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವುದರಿಂದ ಹೆರಳು ಮೊದಲಿನಂತಾಗಲು ಮಾತ್ರ ವರ್ಷಗಳೇ ಬೇಕು.

ಉಂಡೆ ನೋಡಿಯೂ ಗಾಬರಿಯಾಗಬೇಡಿ. ದಿನಕ್ಕೆ 50ರಿಂದ 100 ಕೂದಲು ಎಲ್ಲರದೂ ಉದುರುತ್ತದೆ. ವಾರಕ್ಕೊಮ್ಮೆ ತಲೆ ಎರಕೊಂಡರೆ ವಾರದ ಬಾಕಿ ಒಂದೇ ದಿನ ಬಚ್ಚಲಿಗೆ ಬರುತ್ತದೆ, ಅಷ್ಟೇ. ಪರೀಕ್ಷೆ ಬೇಕೆಂದರೆ ತಲೆ ತೊಳೆದು ಒಂದು ದಿನ ಬಿಟ್ಟು ಐವತ್ತು ಅರವತ್ತು ಎಳೆ ಬೆರಳಲ್ಲಿ ಹಿಡಿದು ಬುಡದಿಂದ ತುದಿಗೆ ಮೆಲ್ಲಗೆ ಎಳೆಯಿರಿ. ಆರಕ್ಕಿಂತ ಹೆಚ್ಚು ಕೈಗೆ ಬಂದರೆ ಉದುರು ಇನ್ನೂ ಜೋರಾಗಿದೆ ಎಂದು ಅರ್ಥ.

ಬಾಣಂತಿಗೆ ರಕ್ತ ಕಡಿಮೆಯಿದ್ದರೆ ಚೇತರಿಕೆ ನಿಧಾನ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಅದು ಸರಿಯಿದ್ದೂ ಒಳಗಿನ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು, ಅದನ್ನು ಹೇಳುವುದು ಫೆರಿಟಿನ್ ಪರೀಕ್ಷೆ. ಅದರ ಜೊತೆ ಥೈರಾಯ್ಡಿನ ಟಿಎಸ್‌ಎಚ್ ಕೂಡ ಮಾಡಿಸಿ. ಜ್ವರ ಇದ್ದಾಗ ಫೆರಿಟಿನ್ ಸುಳ್ಳೇ ಹೆಚ್ಚು ತೋರಿಸುತ್ತದೆ, ಆರಾಮಾದ ಮೇಲೆ ಹೋಗಿ. ಅಂಗಡಿಯ ಬಯೋಟಿನ್ ಗುಳಿಗೆ ನುಂಗುತ್ತಿದ್ದರೆ ಲ್ಯಾಬಿನಲ್ಲಿ ಹೇಳಿ. ಥೈರಾಯ್ಡ್ ಫಲಿತಾಂಶವನ್ನು ಅದು ತಪ್ಪಾಗಿಸುತ್ತದೆ. ವೈದ್ಯರು ಕಬ್ಬಿಣದ ಗುಳಿಗೆ ಕೊಟ್ಟರೆ ನಿಂಬೆನೀರಿನ ಜೊತೆ ತಗೊಳ್ಳಿ. ಚಹಾ ಅದಕ್ಕೆ ವೈರಿ, ಎರಡು ತಾಸು ಅಂತರವಿರಲಿ. ಕ್ಯಾಲ್ಸಿಯಂ ಗುಳಿಗೆಯೂ ಬೇರೆ ಹೊತ್ತಿಗೆ. ಮಲ ಕಪ್ಪಾದರೆ ಹೆದರಿ ಬಿಡಬೇಡಿ, ಅದು ಗುಳಿಗೆಯ ಬಣ್ಣ. ರೊಟ್ಟಿಗೆ ಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ, ತಿನ್ನುವವರಾದರೆ ಮೊಟ್ಟೆ ಇರಲಿ. ಬಾಣಂತಿಗೆ ಪಥ್ಯವೆಂದು ಬರೀ ಅನ್ನ ಸಾರು ಹಾಕುವ ಅತ್ತೆಯಂದಿರಿಗೂ ಇದನ್ನು ಓದಿ ಹೇಳಿ.

ಎಣ್ಣೆಯ ಮಾತು. ತಲೆ ಎರಕೊಳ್ಳುವ ಮುಂಚೆ ಹಚ್ಚಿದ ಕೊಬ್ಬರಿ ಎಣ್ಣೆ ಎಳೆ ಮುರಿಯುವುದನ್ನು ಕಡಿಮೆ ಮಾಡುತ್ತದೆ, ಬುಡದ ಉದುರನ್ನಲ್ಲ. ಹೊಟ್ಟು ಇದ್ದರೆ ರಾತ್ರಿಯಿಡೀ ಎಣ್ಣೆ ಬಿಡಬೇಡಿ, ಹೊಟ್ಟು ಹೆಚ್ಚುತ್ತದೆ. ಈರುಳ್ಳಿ ರಸ ಕೆಲವರ ಚರ್ಮ ಸುಡುತ್ತದೆ. ಬಿಗಿಯಾಗಿ ಎಳೆದು ಕಟ್ಟುವ ತುರುಬು ಹಣೆ, ಕಿವಿಯ ಪಕ್ಕದ ಕೂದಲನ್ನು ಕಿತ್ತೇ ಬಿಡುತ್ತದೆ. ವರ್ಷಗಟ್ಟಲೆ ಹಾಗೇ ಕಟ್ಟಿದರೆ ಅಲ್ಲಿ ಮತ್ತೆ ಹುಟ್ಟದೆಯೂ ಹೋದೀತು.

ಕಥೆ ಬೇರೆಯಾಗುವುದು ಬೈತಲೆ ಅಗಲವಾಗುತ್ತಾ ಹೋದಾಗ. ತಿಂಗಳಿಗೊಮ್ಮೆ ಒಂದೇ ಬೆಳಕಲ್ಲಿ ಬೈತಲೆಯ ಫೋಟೋ ತೆಗೆದಿಡಿ. ಹಣೆಯ ಅಂಚು ಹಾಗೇ ಇದ್ದು ನಡುನೆತ್ತಿ ತೆಳುವಾಗುತ್ತಿದ್ದರೆ ಅದು ಹೆಂಗಸರ ವಂಶಪಾರಂಪರ್ಯದ ಉದುರು, ತಾನಾಗಿ ನಿಲ್ಲದು. ಅದಕ್ಕೆ ಮಿನಾಕ್ಸಿಡಿಲ್: 2% ದ್ರಾವಣವಾದರೆ 1 ಮಿ.ಲೀ. ದಿನಕ್ಕೆರಡು ಸಲ, ಒಣ ತಲೆಯ ಚರ್ಮಕ್ಕೆ. ಎಳೆಗೆ ಬಳಿದರೆ ದಂಡ. ಕೈ ತೊಳೆಯದಿದ್ದರೆ ಮುಖದ ಮೇಲೂ ಕೂದಲು ಬರಬಹುದು. ಮೊದಲ ಎರಡು ತಿಂಗಳು ಉದುರು ಹೆಚ್ಚಾದಂತೆ ಕಾಣುತ್ತದೆ, ಬಹಳ ಜನ ಅಲ್ಲೇ ಬಿಟ್ಟುಬಿಡುತ್ತಾರೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಬಸುರಿಯರಿಗೆ, ಮೊಲೆ ಉಣಿಸುವವರಿಗೆ ಇದು ಬೇಡ. ಹಾಗಾಗಿ ಈಗ ನಿಮಗೂ ಬೇಡ.

ನಾಣ್ಯದಗಲ ಬೋಳು ಚುಕ್ಕೆ, ತಲೆಯಲ್ಲಿ ಕೀವು, ಹೊಳೆಯುವ ನುಣುಪು ಕಲೆ, ಮುಟ್ಟು ಏರುಪೇರಾಗಿ ಗಲ್ಲದ ಮೇಲೆ ಕೂದಲು, ಇಂಥವು ಕಂಡರೆ ಕಾಯಬೇಡಿ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಚರ್ಮರೋಗದ ಚೀಟಿ ಮಾಡಿಸಿ. ಹೋಗುವ ದಿನ ತಲೆಗೆ ಎಣ್ಣೆ ಬೇಡ, ಹಿಂದಿನ ದಿನವೂ ತಲೆ ತೊಳೆಯಬೇಡಿ. ನುಂಗುತ್ತಿರುವ ಗುಳಿಗೆಗಳ ಪಟ್ಟಿ, ಹೆರಿಗೆಯ ಕಾರ್ಡು, ಆ ಫೋಟೋಗಳು ಕೈಯಲ್ಲಿರಲಿ.