ಹೆಸರು ಹೋಗಿ ಸಮುದ್ರದಲ್ಲಿ ಕೂತ ಜಿಲ್ಲೆ

ನಾನು ಜಿಐಎಸ್, ಅಂದ್ರೆ ಕಂಪ್ಯೂಟರ್‌ನಲ್ಲಿ ಮ್ಯಾಪ್ ಮಾಡೋ ಕೆಲಸದೋನು. ಜನಸಂಖ್ಯೆ ಟೇಬಲ್ ಒಂದು ಕಡೆ, ಗಡಿಗಳ ಫೈಲ್ ಇನ್ನೊಂದು ಕಡೆ, ಎರಡನ್ನೂ ಜೋಡಿಸಿ ಮ್ಯಾಪಿಗೆ ಬಣ್ಣ ತುಂಬೋದು, ಅಷ್ಟೇ. ಒಂದ್ಸಲ ಉತ್ತರ ರಷ್ಯಾದ ಮ್ಯಾಪ್ ಮಾಡ್ತಿದ್ದಾಗ ಪ್ರಿಮೋರ್ಸ್ಕಿ ಅನ್ನೋ ಹೆಸರು ಬ್ಯಾರೆಂಟ್ಸ್ ಸಮುದ್ರದ ನಟ್ಟನಡುವೆ ಹೋಗಿ ಕೂತ್ಬಿಡ್ತು, ಸುತ್ತ ನೀರು ಬಿಟ್ರೆ ಏನಿಲ್ಲ. ಸಾಫ್ಟ್‌ವೇರ್ ಬಗ್ ಅಂದ್ಕೊಂಡು ಅರ್ಧ ದಿನ ಹಾಳು ಮಾಡ್ಕೊಂಡೆ. ಬಗ್ ಅಲ್ಲ, ಜಿಲ್ಲೆ ಇರೋದೇ ಹಾಗೆ.

ಇದು ಅರ್ಖಾಂಗೆಲ್ಸ್ಕ್ ಒಬ್ಲಾಸ್ಟ್‌ನ (ಅಂದ್ರೆ ಪ್ರಾಂತ್ಯದ) ಒಂದು ರಯೋನ್, 1929ರಲ್ಲಿ ಆಗಿದ್ದು. ರಯೋನ್ ಅಂದ್ರೆ ದರ್ಜೆಯಲ್ಲಿ ನಮ್ಮ ತಾಲೂಕಿನ ಥರ ಅನ್ಬೋದು, ಆದ್ರೆ ವಿಸ್ತೀರ್ಣ ಸುಮಾರು 46,000 ಚದರ ಕಿ.ಮೀ., ಕರ್ನಾಟಕದ ಹತ್ರಹತ್ರ ಕಾಲು ಭಾಗ! ಜನ 2010ರ ಸೆನ್ಸಸ್‌ನಲ್ಲಿ 25 ಸಾವಿರ ಚಿಲ್ರೆ. ಮುಖ್ಯ ಭಾಗ ಬಿಳಿ ಸಮುದ್ರದ ದಡದಲ್ಲಿದೆ, ಆದ್ರೆ ಫ್ರಾಂಜ್ ಜೋಸೆಫ್ ಲ್ಯಾಂಡ್ ಅನ್ನೋ ಹಿಮದ ದ್ವೀಪಸಮೂಹ ಕೂಡ ಇದೇ ರಯೋನ್‌ಗೆ ಸೇರುತ್ತೆ, ಅದು 1,700 ಕಿ.ಮೀ. ಉತ್ತರಕ್ಕೆ, ಮಧ್ಯೆ ಇಡೀ ಬ್ಯಾರೆಂಟ್ಸ್ ಸಮುದ್ರ. ಸಾಫ್ಟ್‌ವೇರ್ ಪಾಪ ಎರಡೂ ತುಂಡುಗಳ ನಡುಬಿಂದು ಹುಡುಕಿ ಅಲ್ಲಿ ಹೆಸರು ಬರೆದಿದೆ.

ಆ ದ್ವೀಪಗಳನ್ನ 1873ರಲ್ಲಿ ಆಸ್ಟ್ರಿಯಾ-ಹಂಗೇರಿಯ ತಂಡ ಕಂಡುಹಿಡಿದು ತಮ್ಮ ಚಕ್ರವರ್ತಿ ಹೆಸರಿಟ್ರು, 1926ರಲ್ಲಿ ಸೋವಿಯತ್ ಸರ್ಕಾರ ನಮ್ಮದು ಅಂತ ಘೋಷಿಸ್ತು. ಊರು ಅನ್ನೋದೇ ಇಲ್ಲ, ಸೈನ್ಯದೋರು, ಹವಾಮಾನ ಕೇಂದ್ರದೋರು, ನ್ಯಾಷನಲ್ ಪಾರ್ಕ್‌ನೋರು ಅಷ್ಟೇ. ತುತ್ತತುದಿಯ ರುಡಾಲ್ಫ್ ದ್ವೀಪದಿಂದ ಉತ್ತರ ಧ್ರುವ ಬರೀ 900 ಕಿ.ಮೀ. ವೆಬ್ ಮ್ಯಾಪ್‌ಗಳಲ್ಲಿರೋ ಮರ್ಕೇಟರ್ ಪ್ರೊಜೆಕ್ಷನ್ (ಗುಂಡಗಿರೋ ಭೂಮೀನ ಚಪ್ಪಟೆ ಮ್ಯಾಪ್ ಮಾಡೋ ಒಂದು ವಿಧಾನ) 80 ಡಿಗ್ರಿ ಅಕ್ಷಾಂಶದ ಹತ್ರ ಜಾಗಾನ ಸಮಭಾಜಕಕ್ಕಿಂತ 30 ಪಟ್ಟಿಗೂ ಜಾಸ್ತಿ ಹಿಗ್ಗಿಸುತ್ತೆ, ಹಾಗಾಗಿ ಯಾರೂ ಊರು ಕಟ್ಟದ ಮಂಜುಗಡ್ಡೆ ದೈತ್ಯನ ಥರ ಕಾಣುತ್ತೆ, ಜನ ಇರೋ ದಡ ಪುಟಾಣಿ ಆಗುತ್ತೆ. ನಾನಂತೂ ಅಲ್ಲಿಗೆ ಮರ್ಕೇಟರ್ ಮುಟ್ಟೋದೇ ಇಲ್ಲ.

ಇನ್ನೂ ಮಜಾ ಇರೋದು ದಕ್ಷಿಣದಲ್ಲಿ. ರಯೋನ್‌ನ ಕೇಂದ್ರ ಅರ್ಖಾಂಗೆಲ್ಸ್ಕ್ ನಗರ, ಆದ್ರೆ ಆ ನಗರ ರಯೋನ್‌ಗೆ ಸೇರಲ್ಲ! ಪಕ್ಕದ ನೊವೊದ್ವಿನ್ಸ್ಕ್ ಸೇರಲ್ಲ, ಅಣು ಸಬ್‌ಮೆರೀನ್ ಕಟ್ಟೋ ಸೆವೆರೊದ್ವಿನ್ಸ್ಕ್ ಕೂಡ ಇಲ್ಲ, ಇವೆಲ್ಲ ಬೇರೆ ಆಡಳಿತ ಘಟಕಗಳು. ಅರ್ಖಾಂಗೆಲ್ಸ್ಕ್ ಒಂದ್ರಲ್ಲೇ ಮೂರು ಲಕ್ಷ ಜನ. ಅಂದ್ರೆ ಜನ ಎಲ್ಲಾ ಮ್ಯಾಪಿನ ತೂತುಗಳಲ್ಲಿದ್ದಾರೆ, ಉಳಿದಿದ್ದು ರಯೋನ್. ತೂತು ಕಟ್ ಮಾಡೋದು ಮರೆತ್ರೆ ಸಾಂದ್ರತೆ ಲೆಕ್ಕ ಎಕ್ಕುಟ್ಟೋಗುತ್ತೆ.

ಹೆಸರು ನೋಡಿ ಟೇಬಲ್ ಜೋಡಿಸೋ ತಪ್ಪನ್ನೂ ಮಾಡಿದೀನಿ, ಮುಚ್ಚಿಡೋದೇನು. ಪ್ರಿಮೋರ್ಸ್ಕಿ ಅಂದ್ರೆ ಕಡಲ ಪಕ್ಕದ್ದು ಅಂತ, ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲೂ ಅದೇ ಹೆಸರಿನ ರಯೋನ್ ಇದೆ, ಅಲ್ಲಿ ಐದು ಲಕ್ಷಕ್ಕೂ ಜಾಸ್ತಿ ಜನ, ಆ ಐದು ಲಕ್ಷ ನನ್ನ ಮ್ಯಾಪಲ್ಲಿ ಹಿಮದ ಮೇಲೆ ಬಂದು ಕೂತ್ರು. ಹೆಸರಿನ ಬದಲು ರಷ್ಯಾದ ಸರ್ಕಾರಿ ಕೋಡ್ ಹಾಕಿ ಜೋಡಿಸಿ, ಅದ್ರಲ್ಲೂ ಎರಡಿದೆ ನೋಡಿ: ಆಡಳಿತ ಘಟಕಕ್ಕೆ ಓಕಾಟೊ (OKATO), ಸ್ಥಳೀಯ ಸಂಸ್ಥೆಗೆ ಓಕ್ಟಮೊ (OKTMO), ಬೆರೆಸ್ಬೇಡಿ. ಒಬ್ಲಾಸ್ಟ್‌ನ ಒಟ್ಟು ಅಂಕಿ ತಗೊಂಡ್ರೆ ಅದರೊಳಗೇ ಬರೋ ನೆನೆಟ್ಸ್ ಸ್ವಾಯತ್ತ ಪ್ರದೇಶ ಸೇರಿಸಿದಾರಾ ಬಿಟ್ಟಿದಾರಾ ಅಂತ ಮೊದ್ಲು ನೋಡಿ.

ದ್ವಿನಾ ನದಿಮುಖದಿಂದ ಪಶ್ಚಿಮದ ದಡಕ್ಕೆ ಬೇಸಿಗೆ ತೀರ, ಉತ್ತರದ್ದಕ್ಕೆ ಚಳಿಗಾಲದ ತೀರ ಅಂತಾರೆ, ಪೊಮೋರ್ ಜನರ ಹಳೇ ಮೀನುಗಾರರ ಹಳ್ಳಿಗಳು ಅಲ್ಲಿವೆ. ಬೇಸಿಗೆ ತೀರದ ಲೊಪ್ಶೆಂಗಾದಂಥ ಊರಿಗೆ ಸಣ್ಣ ವಿಮಾನ ಬರುತ್ತೆ. ಗೆರೆ ಎಳೆದು ದೂರ ಅಳೆದ್ರೆ ಹತ್ರ ಅನ್ಸುತ್ತೆ, ಆದ್ರೆ ವರ್ಷಪೂರ್ತಿ ಓಡಾಡೋ ರಸ್ತೆ ಇಲ್ಲ. ಸೊಲೊವೆಟ್ಸ್ಕಿ ದ್ವೀಪಗಳೂ ಇದೇ ರಯೋನ್‌ನವು, 15ನೇ ಶತಮಾನದ ಮಠ, ಆಮೇಲೆ 1923ರಿಂದ ಕೈದಿಗಳ ಕ್ಯಾಂಪ್, 1992ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಬೇಸಿಗೆಯಲ್ಲಿ ಅಲ್ಲಿಗೆ ಹೋಗೋರು ಸುಮಾರು ಜನ ಹಡಗು ಹತ್ತೋದು ಪಕ್ಕದ ಕರೇಲಿಯಾದ ಕೆಮ್ ಹತ್ರ, ಅಂದ್ರೆ ಬೇರೆ ಪ್ರಾಂತ್ಯದಲ್ಲಿ. ಈಗ ನಾನು ಆ ದೋಣಿ ದಾರಿಗೂ ಒಂದು ಚುಕ್ಕೆ ಗೆರೆ ಹಾಕ್ತೀನಿ, ಫ್ರಾಂಜ್ ಜೋಸೆಫ್ ಲ್ಯಾಂಡನ್ನ ಮ್ಯಾಪಿನ ಮೂಲೆಯಲ್ಲಿ ಬೇರೆ ಡಬ್ಬಿಗೆ ಹಾಕಿ, ಹೆಸರನ್ನ ಕೈಯಾರೆ ಎಳೆದು ದಡಕ್ಕೆ ತರ್ತೀನಿ.