ಸಾರಾಳಿಗೆ ದನಿ ಕೊಟ್ಟವರು

ಕಾನಾನ್ ನಾಡಿನಲ್ಲಿ ಬರ. ಅಬ್ರಾಮ (ಮುಂದೆ ಅಬ್ರಹಾಮ ಅಂತ ಹೆಸರಾದವನು) ಹೆಂಡತಿ ಸಾರಾಳ ಜೊತೆ ಈಜಿಪ್ಟಿಗೆ ಹೊರಡುತ್ತಾನೆ. ಗಡಿ ಹತ್ತಿರವಾದಂತೆ ಅವನಿಗೆ ಜೀವಭಯ. ಹೆಂಡತಿ ಸುಂದರಿ, ಅವಳಿಗಾಗಿ ತನ್ನನ್ನು ಕೊಂದುಬಿಟ್ಟರೆ? ಅದಕ್ಕೇ 'ನನ್ನ ತಂಗಿ ಅಂತ ಹೇಳು' ಅನ್ನುತ್ತಾನೆ. ಅಲ್ಲಿನ ರಾಜ ಫರೋಹ ಅವಳನ್ನು ಅರಮನೆಗೆ ಸೇರಿಸಿಕೊಳ್ಳುತ್ತಾನೆ. ಅಬ್ರಾಮನಿಗೆ ಕುರಿ, ದನ, ಒಂಟೆ, ಆಳುಕಾಳು ಸಿಗುತ್ತವೆ. ದೇವರು ಅರಮನೆಗೆ ರೋಗ ತಂದ ಮೇಲಷ್ಟೇ ಅವಳ ಬಿಡುಗಡೆ.

ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 12ನೇ ಅಧ್ಯಾಯದಲ್ಲಿ ಇದು 11 ವಚನಗಳಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಸಾರಾ ಒಂದು ಮಾತೂ ಆಡುವುದಿಲ್ಲ. ಯೆಹೂದಿ ಕುಲದ ಮೂಲಪುರುಷ ಹೀಗೆ ಮಾಡಬಹುದಾ? ಅರಮನೆಯಲ್ಲಿ ಅವಳಿಗೇನಾಯಿತು? ಯೆಹೂದಿ ಓದುಗರನ್ನು ಈ ಪ್ರಶ್ನೆಗಳು ಶತಮಾನಗಳ ಕಾಲ ಕಾಡಿದವು.

ಆದಿಕಾಂಡದ ಕತೆಗಳನ್ನೇ ಮತ್ತೆ ಹೇಳುವ, ಕ್ರಿಸ್ತಪೂರ್ವ 2ನೇ ಶತಮಾನದ ಯೆಹೂದಿ ಗ್ರಂಥ 'ಜ್ಯೂಬಿಲೀಸ್' ಸುಳ್ಳಿನ ಭಾಗವನ್ನೇ ಬಿಟ್ಟುಬಿಟ್ಟಿತು. ಫರೋಹ ಅವಳನ್ನು ಕಿತ್ತುಕೊಂಡ, ಅಷ್ಟೇ. ಸಿನಾಯ್ ಬೆಟ್ಟದ ಮೇಲೆ ದೇವದೂತನೇ ಪ್ರವಾದಿ ಮೋಶೆಗೆ ಹೇಳಿದ ಕತೆ ಇದು ಅಂತಲೂ ಆ ಗ್ರಂಥ ಹೇಳಿಕೊಳ್ಳುತ್ತದೆ. ಕ್ರಿಸ್ತಶಕ 1ನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್‌ಗೆ ಗ್ರೀಕ್ ಓದುಗರ ಮುಂದೆ ಪೂರ್ವಜನನ್ನು ದೊಡ್ಡವನಾಗಿ ತೋರಿಸಬೇಕಿತ್ತು. ಅವನ ಅಬ್ರಹಾಮ ಈಜಿಪ್ಟಿನವರಿಗೆ ಲೆಕ್ಕ, ಖಗೋಳ ಕಲಿಸುತ್ತಾನೆ.

ನನಗೆ ಇವೆರಡಕ್ಕಿಂತ ಜಾಸ್ತಿ ಇಷ್ಟ, 1947ರಲ್ಲಿ ಮೃತ ಸಮುದ್ರದ ಬಳಿ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಅರಮಾಯಿಕ್ ಸುರುಳಿ. ತುಂಬಾ ಹಾಳಾಗಿತ್ತು. ಬಿಡಿಸಲು ಆಗಿದ್ದು 1956ರಲ್ಲಿ. ಅದರಲ್ಲಿ ಅಬ್ರಾಮನೇ ತನ್ನ ಕತೆ ಹೇಳುತ್ತಾನೆ. ಈಜಿಪ್ಟಿಗೆ ಕಾಲಿಟ್ಟ ರಾತ್ರಿ ಅವನಿಗೊಂದು ಕನಸು. ಒಂದು ದೇವದಾರು, ಒಂದು ಖರ್ಜೂರದ ಮರ. ಜನ ದೇವದಾರನ್ನು ಕಡಿಯಲು ಬಂದಾಗ ಖರ್ಜೂರ ಕೂಗಿಕೊಳ್ಳುತ್ತದೆ: ಕಡಿಯಬೇಡಿ, ನಾವಿಬ್ಬರೂ ಒಂದೇ ಬೇರಿನವರು! ದೇವದಾರು ಉಳಿಯುತ್ತದೆ. ಕನಸು ಕೇಳಿದ ಸಾರಾ ಅತ್ತುಬಿಡುತ್ತಾಳೆ. ಮುಂದೆ ಗಂಡನ ಜೀವ ಉಳಿಸಲು ಅವಳೇ ರಾಜನ ಮುಂದೆ 'ಅವನು ನನ್ನ ಅಣ್ಣ' ಅನ್ನುತ್ತಾಳೆ. ಅಬ್ರಾಮ ರಾತ್ರಿ ಅಳುತ್ತಾ ಪ್ರಾರ್ಥಿಸುತ್ತಾನೆ. ಎರಡು ವರ್ಷ ರಾಜನಿಗೆ ಅವಳನ್ನು ಮುಟ್ಟಲು ಆಗುವುದಿಲ್ಲ.

ಸುಳ್ಳು ಇಲ್ಲೂ ಇದೆ. ಆದರೆ ಅದರ ಹಿಂದೆ ಕನಸಿನ ಎಚ್ಚರಿಕೆ ಇದೆ, ಕಣ್ಣೀರಿದೆ. ಪೂರ್ವಜನ ಮರ್ಯಾದೆ ಕಾಯಲು ಸುಮ್ನೆ ಕಟ್ಟಿದ್ದು ಅಂತ ನನಗನ್ನಿಸುವುದಿಲ್ಲ. ಮೂಲ ಮೌನವಾಗಿದ್ದ ಕಡೆಯೆಲ್ಲ ಕಿವಿಗೊಟ್ಟು ಓದಿದವರ ಬರಹ ಇದು.

ಸುಮಾರು 5ನೇ ಶತಮಾನದಲ್ಲಿ ರೂಪ ಪಡೆದ ಆದಿಕಾಂಡದ ಮಿದ್ರಾಶ್, ಅಂದರೆ ಯೆಹೂದಿ ಗುರುಗಳ ವ್ಯಾಖ್ಯಾನ, ಇನ್ನೂ ಮುಂದೆ ಹೋಯಿತು. ಅಲ್ಲಿ ಸಾರಾ ರಾತ್ರಿಯಿಡೀ ದೇವರನ್ನೇ ನೇರ ಕೇಳುತ್ತಾಳೆ: ಅಬ್ರಹಾಮ ನಿನ್ನ ವಾಗ್ದಾನ ಕೇಳಿ ಹೊರಟ, ನಾನು ಬರೀ ನಂಬಿಕೆಯಿಂದ ಬಂದೆ, ಸೆರೆ ಮಾತ್ರ ನನಗಾ? ಚಾವಟಿ ಹಿಡಿದ ದೇವದೂತ ಬಂದು ನಿಲ್ಲುತ್ತಾನೆ. ಅವಳು 'ಹೊಡೆ' ಅಂದರೆ ಫರೋಹನಿಗೆ ಹೊಡೆಯುತ್ತಾನೆ, 'ಬಿಡು' ಅಂದರೆ ಬಿಡುತ್ತಾನೆ.