ಕೀಬೋರ್ಡಿನಲ್ಲಿ ಚೆಂಡೆಯ ಪೆಟ್ಟು

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಗಳಲ್ಲಿ ಭಕ್ತಿಗೀತೆಯ ರಸಮಂಜರಿಯಿರಲಿ, ಶಾಲಾ ವಾರ್ಷಿಕೋತ್ಸವದ ನೃತ್ಯರೂಪಕವಿರಲಿ, ವೇದಿಕೆಯ ಒಂದು ಬದಿಯಲ್ಲಿ ಕೀಬೋರ್ಡ್ ಇದ್ದೇ ಇರುತ್ತದೆ. ಅದರಲ್ಲಿ ಡ್ರಮ್ ಕಿಟ್ ಆರಿಸಿಕೊಂಡರೆ ಒಂದೊಂದು ಮನೆಯೂ ಒಂದೊಂದು ತಾಳವಾದ್ಯವಾಗುತ್ತದೆ. ವಿದ್ಯುನ್ಮಾನ ವಾದ್ಯಗಳಿಗಾಗಿ 1991ರಲ್ಲಿ ಬಂದ ಜನರಲ್ ಮಿಡಿ ಎಂಬ ಸಮಾನ ಒಪ್ಪಂದದ ಪ್ರಕಾರ ಹತ್ತನೆಯ ಚಾನೆಲ್ ತಾಳವಾದ್ಯಗಳಿಗೆ ಮೀಸಲು. ಅದರಲ್ಲಿ 36 ಎಂಬ ಸಂಖ್ಯೆಯ ಮನೆಯಲ್ಲಿ ಬಾಸ್ ಡ್ರಮ್, 38ರಲ್ಲಿ ಸ್ನೇರ್, 42ರಲ್ಲಿ ಮುಚ್ಚಿದ ಹೈ-ಹ್ಯಾಟ್. ಹೀಗೆ 35ರಿಂದ 81ರವರೆಗೆ ನಲವತ್ತೇಳು ನಾದಗಳಿವೆ. ಬೊಂಗೊ, ಕಾಂಗಾ ಎಂಬ ಹೊರನಾಡಿನ ಚರ್ಮವಾದ್ಯಗಳಿಗೆ ಅಲ್ಲಿ ಜಾಗವುಂಟು, ನಮ್ಮ ಯಕ್ಷಗಾನದ ಚೆಂಡೆ ಮದ್ದಳೆಗಳಿಗಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಸೀಮೆಯವರಿಗೆ ಚೆಂಡೆ ಬೇಕೆಂದರೆ ಅದನ್ನು ತಾವೇ ರೂಪಿಸಿಕೊಳ್ಳಬೇಕು, ಹಾಗೆ ರೂಪಿಸಲು ಪೆಟ್ಟು ಬಿದ್ದ ಮೇಲೆ ಚರ್ಮದಲ್ಲಿ ಏನಾಗುತ್ತದೆಂಬುದನ್ನು ಮೊದಲು ತಿಳಿಯಬೇಕು.

ಪಿಟೀಲಿನ ತಂತಿಗೆ ಕಮಾನು ಎಳೆಯುತ್ತಿರುವಷ್ಟು ಹೊತ್ತೂ ಶಕ್ತಿ ಸಿಗುತ್ತಿರುತ್ತದೆ. ಚರ್ಮವಾದ್ಯಕ್ಕೆ ಸಿಗುವ ಶಕ್ತಿಯೆಲ್ಲ ಕೋಲು ತಗಲಿದ ಆ ಕ್ಷಣದಲ್ಲೇ ಸಿಕ್ಕಿಬಿಡುತ್ತದೆ, ಆಮೇಲೆ ನಮಗೆ ಕೇಳುವುದು ಆ ಶಕ್ತಿ ಕರಗುವ ಬಗೆ ಮಾತ್ರ. ಬಿಗಿದ ದುಂಡು ಚರ್ಮ ಒಂದೇ ರೀತಿಯಲ್ಲಿ ಕಂಪಿಸುವುದಿಲ್ಲ. ಅದರ ಮೂಲ ಕಂಪನವನ್ನು 1 ಎಂದಿಟ್ಟುಕೊಂಡರೆ ಮೇಲಿನವು 1.59, 2.14, 2.30 ಹೀಗೆ ಅಡ್ಡಾದಿಡ್ಡಿ ಅನುಪಾತಗಳಲ್ಲಿರುತ್ತವೆ, ತಂತಿಯಲ್ಲಿರುವಂತೆ 2, 3, 4 ಎಂಬ ಪೂರ್ಣಸಂಖ್ಯೆಗಳಲ್ಲಿ ಅಲ್ಲ. ಆದ್ದರಿಂದಲೇ ಬಹುತೇಕ ಚರ್ಮವಾದ್ಯಗಳಲ್ಲಿ ಕಿವಿಗೆ ಖಚಿತವಾದ ಸ್ವರ ಸಿಗುವುದಿಲ್ಲ. ನಮ್ಮ ಮೃದಂಗ, ತಬಲಾಗಳು ಇದಕ್ಕೆ ಅಪವಾದವೆಂಬುದನ್ನು ಸಿ. ವಿ. ರಾಮನ್ ಮತ್ತು ಶಿವಕಾಲಿ ಕುಮಾರ್ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು: ಮುಚ್ಚಿಗೆಯ ನಡುವೆ ಮೆತ್ತಿದ ಕರಣೆಯೆಂಬ ಕಪ್ಪು ಲೇಪದ ಭಾರದಿಂದ ಮೇಲಿನ ಕಂಪನಗಳು ಪೂರ್ಣಸಂಖ್ಯೆಗಳ ಹತ್ತಿರಕ್ಕೆ ಸರಿದು ನಾದ ಸ್ವರವಾಗುತ್ತದೆ. ಯಕ್ಷಗಾನದ ಮದ್ದಳೆಯೂ ಈ ಕುಲದ್ದೇ. ಚೆಂಡೆಗೆ ಕರಣೆಯಿಲ್ಲ, ಅದರ ಗುಣವೆಲ್ಲ ಚರ್ಮದ ಬಿಗಿಯಲ್ಲಿ, ಹಲಸಿನ ಮರದ ಒಡಲಿನಲ್ಲಿ ಮತ್ತು ಕೋಲಿನ ತುದಿಯಲ್ಲಿದೆ.

ವಿದ್ಯುತ್ ಮಂಡಲದಿಂದಲೇ ಇಂಥ ನಾದ ಹುಟ್ಟಿಸುವ ದಾರಿಯನ್ನು 1980ರಲ್ಲಿ ಬಂದ ರೋಲ್ಯಾಂಡ್ ಕಂಪನಿಯ ಟಿಆರ್-808 ಎಂಬ ತಾಳಯಂತ್ರ ಚೆನ್ನಾಗಿ ತೋರಿಸಿತು. ಸಿಂಥಸೈಜರ್ ಇರುವ ಯಾವುದೇ ಕೀಬೋರ್ಡಿನಲ್ಲಿ ಇದನ್ನು ಮಾಡಿ ನೋಡಬಹುದು. ಒಂದೇ ಕಂಪನದ ಶುದ್ಧ ನಾದವಾದ ಸೈನ್ ತರಂಗವನ್ನು ತೆಗೆದುಕೊಂಡು, ಸುಮಾರು 200 ಹರ್ಟ್ಜ್‌ನಲ್ಲಿ ಆರಂಭಿಸಿ, ಐವತ್ತು ಮಿಲಿಸೆಕೆಂಡಿನೊಳಗೆ 50 ಹರ್ಟ್ಜ್‌ಗೆ ಇಳಿಸಿದರೆ ಬಾಸ್ ಡ್ರಮ್ಮಿನ 'ಧಂ' ಕೇಳಿಸುತ್ತದೆ. ಈ ಇಳಿತ ಕೃತಕವಲ್ಲ. ಜೋರಾಗಿ ಹೊಡೆದಾಗ ಚರ್ಮ ಹಿಗ್ಗಿ ಅದರ ಬಿಗಿ ಕ್ಷಣಕಾಲ ಹೆಚ್ಚುತ್ತದೆ, ಸ್ಥಾಯಿ ಏರುತ್ತದೆ, ಮತ್ತೆ ತನ್ನ ನೆಲೆಗೆ ಇಳಿಯುತ್ತದೆ. ಚೆಂಡೆಗೆ ಹೆಚ್ಚಿನ ಸ್ಥಾಯಿ, ಚಿಕ್ಕ ಇಳಿತ ಸಾಕು; ಅದರ ಮೇಲೆ ಐದರಿಂದ ಹತ್ತು ಮಿಲಿಸೆಕೆಂಡಿನಷ್ಟು ನಾಯ್ಸ್, ಅಂದರೆ ಸ್ವರವಿಲ್ಲದ 'ಸ್ಸ್' ಸದ್ದು, ಸೇರಿಸಿದರೆ ಕೋಲಿನ 'ಟಕ್' ಬರುತ್ತದೆ. ನಾದದ ಏರಿಳಿತವನ್ನು ನಿಯಂತ್ರಿಸುವ ಎನ್ವಲಪ್‌ನಲ್ಲಿ ಅಟ್ಯಾಕ್ (ನಾದ ಏರುವ ಹೊತ್ತು) ಮತ್ತು ಸಸ್ಟೇನ್ (ಮನೆ ಒತ್ತಿರುವವರೆಗೆ ಉಳಿಯುವ ಮಟ್ಟ) ಎರಡನ್ನೂ ಸೊನ್ನೆಗಿಟ್ಟು ಡಿಕೇಯನ್ನಷ್ಟೇ (ನಾದ ಇಳಿಯುವ ಹೊತ್ತು) ಹೊಂದಿಸಬೇಕು, ಏಕೆಂದರೆ ಬೆರಳು ಮನೆಯ ಮೇಲೆ ಉಳಿದಿದೆಯೆಂದು ಚರ್ಮ ಹೆಚ್ಚು ಹೊತ್ತು ನುಡಿಯುವುದಿಲ್ಲ.

ಇಷ್ಟಾದರೂ ಮರದ ಒಡಲಿನ ಅನುರಣನ ಇಲ್ಲಿ ಸಿಗದು. ಅದಕ್ಕೆ ನಿಜವಾದ ಚೆಂಡೆಯ ಧ್ವನಿಮುದ್ರಣ, ಅಂದರೆ ಸ್ಯಾಂಪಲ್, ಬೇಕು. ಇಲ್ಲೊಂದು ತೊಡಕಿದೆ, ಬಹಳಷ್ಟು ಚೆಂಡೆ ಸ್ಯಾಂಪಲ್‌ಗಳು ಆಟಿಕೆಯ ಸದ್ದಿನಂತೆ ಕೇಳುವುದು ಇದರಿಂದಲೇ ಎಂದು ನನಗೆ ಅನ್ನಿಸುತ್ತದೆ. ಯಕ್ಷಗಾನದ ಹಾಡುಗಾರರಾದ ಭಾಗವತರು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಎರಡರಿಂದ ಕಪ್ಪು ಮೂರಕ್ಕೆ ಶ್ರುತಿ ಏರಿಸಿದರೆ ಚೆಂಡೆಯವರು ಹಗ್ಗ ಬಿಗಿದು ಚರ್ಮವನ್ನು ಮಾತ್ರ ಏರಿಸುತ್ತಾರೆ, ಒಡಲು ಇದ್ದಂತೆಯೇ ಇರುತ್ತದೆ. ಸರಳ ಸ್ಯಾಂಪ್ಲರ್ ಹಾಗಲ್ಲ. ಅದು ಮುದ್ರಣವನ್ನೇ ವೇಗವಾಗಿ ಓಡಿಸುತ್ತದೆ. ಅರ್ಧ ಸ್ವರಕ್ಕೆ ಸುಮಾರು ಶೇಕಡಾ 6ರಂತೆ, ಕಪ್ಪು ಎರಡರಿಂದ ಮೂರಕ್ಕೆ ಇರುವ ಮೂರು ಅರ್ಧ ಸ್ವರಗಳಿಗೆ ಶೇಕಡಾ 19ರಷ್ಟು ವೇಗ ಹೆಚ್ಚುತ್ತದೆ. ಚರ್ಮದೊಂದಿಗೆ ಒಡಲಿನ ಅನುರಣನವೂ ಮೇಲೇರಿ, ಪೆಟ್ಟು ಮೊಟಕಾಗಿ, ವಾದ್ಯವೇ ಕುಗ್ಗಿದಂತೆ ತೋರುತ್ತದೆ. ಆದುದರಿಂದ ಬಳಕೆಯ ಒಂದೊಂದು ಶ್ರುತಿಗೂ ಚೆಂಡೆಯನ್ನು ಬಿಗಿದು ಬೇರೆಯಾಗಿಯೇ ಮುದ್ರಿಸಿಕೊಳ್ಳುವುದು ಒಳ್ಳೆಯದು.

ಎರಡೂ ಕೋಲುಗಳಿಂದ ಬಿಡುವಿಲ್ಲದೆ ಬಾರಿಸುವ ಉರುಳಿಕೆಯಲ್ಲಿ ಕಷ್ಟ ಇನ್ನೂ ಹೆಚ್ಚು. ಒಂದೇ ಮುದ್ರಣ ಸೆಕೆಂಡಿಗೆ ಹತ್ತಾರು ಸಲ ಮರುಕಳಿಸಿದರೆ ಕಿವಿ ಅದನ್ನು ತಕ್ಷಣ ಯಂತ್ರವೆಂದು ಗುರುತಿಸುತ್ತದೆ, ಏಕೆಂದರೆ ವಾದಕನ ಎಡಗೈ ಪೆಟ್ಟೂ ಬಲಗೈ ಪೆಟ್ಟೂ ಎಂದೂ ಪೂರ್ತಿ ಒಂದೇ ಆಗಿರುವುದಿಲ್ಲ. ಎರಡೂ ಕೈಗಳ ಮೆಲುಪೆಟ್ಟು, ನಡುಪೆಟ್ಟು, ಬಿರುಪೆಟ್ಟುಗಳನ್ನು ಹಲವು ಬಾರಿ ಮುದ್ರಿಸಿ, ಮನೆಯನ್ನು ಎಷ್ಟು ಬಿರುಸಾಗಿ ಒತ್ತಿದರೆಂಬುದನ್ನು ತಿಳಿಸುವ 1ರಿಂದ 127ರವರೆಗಿನ ವೆಲಾಸಿಟಿಗೆ ಹಂಚಿ, ಒಂದೊಂದು ಹಂತದಲ್ಲೂ ಸರದಿಯ ಮೇಲೆ ಬರುವಂತೆ ಮಾಡಬೇಕು. ಹೊಸ ಪೆಟ್ಟು ಬಿದ್ದಾಗ ಹಳೆಯದರ ಬಾಲ ಬೇಗ ಅಡಗುವಂತೆಯೂ ಮಾಡಬೇಕು. ನಿಜವಾದ ಚರ್ಮ ಒಂದೇ, ಅದರ ಮೇಲೆ ಎರಡು ಚೆಂಡೆಗಳು ಒಟ್ಟಿಗೆ ನುಡಿಯುವುದಿಲ್ಲ.

ತಾಳ ಕೂರಿಸುವಾಗ ಏಳು ಅಕ್ಷರದ ತ್ರಿವುಡೆಗೆ 7/8, ಹತ್ತು ಅಕ್ಷರದ ಝಂಪೆಗೆ 5/4 (ಅಂದರೆ 10/8) ಆರಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ. ಪೆಟ್ಟುಗಳನ್ನು ತಾಳದ ಲೆಕ್ಕಕ್ಕೆ ಸರಿಯಾಗಿ ಎಳೆದು ಕೂರಿಸುವ ಕ್ವಾಂಟೈಸ್ ಗುಂಡಿಯನ್ನು ಮುಕ್ತಾಯದ ಪೆಟ್ಟುಗಳಿಗೆ ಮಾತ್ರ ಬಳಸಿ, ನಡುವಿನ ನಡೆಯನ್ನು ಕೈಯಲ್ಲಿ ನುಡಿಸಿದಂತೆಯೇ ಬಿಡುವುದು ಲೇಸು.